ನಮ್ಮವರ ನೂರೆಂಟು ನಮಸ್ಕಾರ

ನಮ್ಮ ಮನೆಯವರು ತಮ್ಮ ಜೀವಮಾನದಲ್ಲಿ ಎಷ್ಟು ಸಲ ವ್ಯಾಯಾಮ ಶುರುಮಾಡಿದರು ಅಂತ ಯಾರಾದರೂ ಕೇಳಿದರೆ ನಾನು ಹೇಳಲಾರೆ. ಎಷ್ಟು ಸಲ ಮುಂದುವರಿಸಿದರು ಅಂತ ಕೇಳಿದರೆ ಹೇಳಬಲ್ಲೆ. ಒಂದು ಸಲವೂ ಇಲ್ಲ. ಶುರುಮಾಡುವುದರಲ್ಲಿ ಅವರಿಗಿದ್ದ ಹುಮ್ಮಸ್ಸನ್ನು ನಾನು ಬೇರೆ ಯಾವ ಗಂಡಸಿನಲ್ಲೂ ಕಂಡಿಲ್ಲ. ಥಂಡಿ ಬಿತ್ತು ಅಂದರೆ ಸಾಕು, ಪುಣೆಯ ಸದಾಶಿವ ಪೇಠದಲ್ಲಿ ಹತ್ತಾರು ಸಂಸಾರಗಳಿದ್ದ ನಮ್ಮ ವಾಡೆಯ ಗಂಡಸರಿಗೆಲ್ಲ ಮೈ ಗಟ್ಟಿಮಾಡಿಕೊಳ್ಳುವ ಹುಚ್ಚು ಹತ್ತುತ್ತಿತ್ತು. ಇವರಿಗೆ ಒಂದು ಕೈ ಹೆಚ್ಚೇ ಹತ್ತುತ್ತಿತ್ತು.

ಒಂದು ವರ್ಷ ತಾಲೀಮಿಗೆ ಹೋಗುತ್ತೇನೆ ಅಂತ ಹೊಸ ಲಂಗೋಟಿ ಹೊಲಿಸಿದರು. ಪುಣೆಯಲ್ಲಿ ಗರಡಿಮನೆಗೆ ತಾಲೀಮು ಅನ್ನುತ್ತಾರೆ. ಮೂರು ದಿನ ಹೋದರು. ನಾಲ್ಕನೆಯ ದಿನ ಹಾಸಿಗೆಯಿಂದ ಏಳಲಾರದೆ ನನ್ನ ಕೈಲಿ ಎಣ್ಣೆ ತಿಕ್ಕಿಸಿಕೊಂಡರು. ಲಂಗೋಟಿ ಕಂದೀಲು ಒರೆಸುವ ಬಟ್ಟೆಯಾಯಿತು. ಮರುವರ್ಷ ದಿನಾ ಬೆಳಿಗ್ಗೆ ಪರ್ವತಿ ಗುಡ್ಡ ಹತ್ತುತ್ತೇನೆ ಅಂದರು. ಒಂದು ವಾರ ಹೋಗಿಬಂದರು, ನನಗೂ ಆಶ್ಚರ್ಯ. ಆಮೇಲೆ ಗೊತ್ತಾಯಿತು, ಗುಡ್ಡದ ಬುಡದಲ್ಲಿ ಒಬ್ಬ ಬಿಸಿಬಿಸಿ ಭಜಿ ಕರಿಯುತ್ತಿದ್ದ, ಇವರ ಯಾತ್ರೆ ಅವನ ಬಾಣಲೆಯವರೆಗೆ ಮಾತ್ರ. ಬಂದವರು ಕೈ ತೊಳೆದುಕೊಂಡು ಊಟಕ್ಕೆ ಕೂತು, ಗುಡ್ಡ ಹತ್ತಿದರೆ ಹಸಿವೆ ಚಲೋ ಆಗುತ್ತದೆ ಅನ್ನುತ್ತಿದ್ದರು.

ಅದೇ ವಾಡೆಯಲ್ಲಿ ನಾವು ಹೆಂಗಸರು ಬೆಳಗಾಗೆದ್ದು ಅಂಗಳದ ಹೌದದಿಂದ, ಅಂದರೆ ನೆಲದೊಳಗಿನ ತೊಟ್ಟಿಯಿಂದ, ನೀರು ಸೇದಿ, ಕೊಡ ಹೊತ್ತು ಮಾಳಿಗೆ ಹತ್ತಿ, ಬೀಸಿ, ಕುಟ್ಟಿ, ಒಗೆದು ಹರವುವ ಹೊತ್ತಿಗೆ ಗಂಡಸರು ಎದ್ದು ಕಟ್ಟೆಯ ಮೇಲೆ ಕೂತು, ಇವತ್ತಿನ ಹವೆ ವ್ಯಾಯಾಮಕ್ಕೆ ಯೋಗ್ಯವೋ ಅಲ್ಲವೋ ಅಂತ ಚರ್ಚೆ ನಡೆಸುತ್ತಿದ್ದರು. ನಮ್ಮ ಕೆಲಸಕ್ಕೆ ವ್ಯಾಯಾಮ ಅನ್ನುವ ಹೆಸರನ್ನು ಯಾರೂ ಕೊಡಲಿಲ್ಲ. ಕೊಟ್ಟಿದ್ದರೆ ನಾವೂ ಮೂರು ದಿನಕ್ಕೆ ಬಿಟ್ಟುಬಿಡುತ್ತಿದ್ದೆವೋ ಏನೋ.

ಇದೆಲ್ಲ ನಗೆಚಾಟಿಕೆಯಲ್ಲೇ ಕಳೆದುಹೋಗುತ್ತಿತ್ತು. ಆದರೆ ಎರಡನೆಯ ಮಹಾಯುದ್ಧಕ್ಕೆ ಇನ್ನೂ ಎರಡು ಮೂರು ವರ್ಷ ಇರುವಾಗ ಒಂದು ದೀಪಾವಳಿ ಮುಗಿದ ಮೇಲೆ ಇವರ ಕಚೇರಿಯಿಂದ ಒಂದು ಹುಕುಂ ಬಂತು. ಇವರು ಭಾಂಬುರ್ಡೆಯ ಒಂದು ಸರಕಾರಿ ಕಚೇರಿಯಲ್ಲಿ ಕಾರಕೂನರು. ಈಗ ಶಿವಾಜಿನಗರ ಅನ್ನುತ್ತಾರಲ್ಲ, ಅದೇ ಭಾಂಬುರ್ಡೆ. ಏಳು ವರ್ಷವಾದರೂ ನೌಕರಿ ಹಂಗಾಮಿಯೇ. ಹುಕುಮಿನಲ್ಲಿ ಇದ್ದದ್ದಿಷ್ಟು: ಹಂಗಾಮಿ ಕಾರಕೂನರನ್ನು ಕಾಯಂ ಮಾಡಲಾಗುವುದು, ಅದಕ್ಕೆ ಮುಂಚೆ ಮಾಘಮಾಸದ ಹೊತ್ತಿಗೆ ಸರಕಾರಿ ಡಾಕ್ಟರು ಒಬ್ಬೊಬ್ಬರನ್ನೂ ಪರೀಕ್ಷೆ ಮಾಡುತ್ತಾರೆ, ಮೈಯಲ್ಲಿ ಕಸುವಿಲ್ಲದವರು ಮನೆಗೆ ಹೋಗಬಹುದು. ನಮ್ಮವರು ಅದೇ ವಾರ ಕಚೇರಿಯ ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ಕೂತುಬಿಟ್ಟಿದ್ದರು. ಏದುಸಿರು ಬಿಡುತ್ತಿದ್ದವರನ್ನು ಇಬ್ಬರು ಜವಾನರು ಹಿಡಿದು ಮೇಲೆ ಕರೆದೊಯ್ದಿದ್ದರು.

ಮನೆಗೆ ಹೋಗುವುದು ಅಂದರೆ ಧಾರವಾಡಕ್ಕೆ, ಭಾವನವರ ಮನೆಗೆ. ಧಾರವಾಡದ ಮೇಲೆ ನನಗೆ ಸಿಟ್ಟಿಲ್ಲ. ಆ ಮನೆಯ ಮೇಲೆ ಇತ್ತು. ಮದುವೆಯಾದ ಹೊಸದರಲ್ಲಿ ನಾಲ್ಕು ವರ್ಷ ಅಲ್ಲಿ ಇದ್ದೆ. ಒಲೆ ನನ್ನ ನೆಗೆಣ್ಣಿಯದು, ಡಬ್ಬಿಗಳು ನೆಗೆಣ್ಣಿಯವು, ಒಂದು ಚಿಟಿಕೆ ಇಂಗು ಬೇಕಾದರೂ ಅವರ ಮುಂದೆ ನಿಂತು ಕೇಳಬೇಕು, ಅವರು ಯಾಕೆ ಅಂತ ಕೇಳಿ ಕೊಡಬೇಕು. ಪುಣೆಯಲ್ಲಿ ನಮಗಿದ್ದದ್ದು ಎರಡೇ ಖೋಲಿ. ಅತ್ತೆಯವರು ನಮ್ಮ ಜೊತೆಗೇ ಇದ್ದರು, ಆದರೆ ಅವರ ಗಮನವೆಲ್ಲ ದೇವರ ಮಾಡದ ಮೇಲೆ. ಒಲೆ ನನ್ನದು. ಯಾವತ್ತು ಏನು ಅಡಿಗೆ ಅನ್ನುವುದು ನನ್ನ ಮರ್ಜಿ. ಇದು ಹೋಗುತ್ತದೆ ಅಂದಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ನಮ್ಮ ಓಣಿಯ ಡಾಕ್ಟರು ಮರಾಠಿಯವರು, ಮಾತು ಕಡಿಮೆ. ಇವರ ಎದೆಗೆ ನಳಿಗೆ ಇಟ್ಟು ಕೇಳಿದರು, ಹೊಟ್ಟೆ ಒತ್ತಿ ನೋಡಿದರು. ಆಮೇಲೆ, ಏನೂ ರೋಗವಿಲ್ಲ, ಕೂತು ಕೂತು ಕಬ್ಬಿಣಕ್ಕೆ ಹಿಡಿದಂತೆ ಮೈಗೆ ಜಂಗು ಹಿಡಿದಿದೆ, ದಿನಾ ಬೆವರು ಇಳಿಯುವ ಹಾಗೆ ಸೂರ್ಯನಮಸ್ಕಾರ ಹಾಕಲಿ, ಹನ್ನೆರಡರಿಂದ ಶುರುಮಾಡಿ ನೂರೆಂಟಕ್ಕೆ ಮುಟ್ಟಲಿ ಅಂದರು. ಔಷಧ ಕೊಡದೆ ಕಳಿಸಿದ್ದಕ್ಕೆ ಅತ್ತೆಯವರಿಗೆ ಆ ಡಾಕ್ಟರ ವಿದ್ಯೆಯ ಮೇಲೇ ಸಂಶಯ ಬಂತು.

ಮರುದಿನ ಇವರು ಹನ್ನೆರಡರ ಬದಲು ಇಪ್ಪತ್ತೈದು ಹಾಕಿದರು. ಅದಕ್ಕೇ ಎರಡನೆಯ ದಿನ ತೊಡೆ ಹಿಡಿದುಕೊಂಡಿತು. ಮೂರನೆಯ ದಿನ ಏಕಾದಶಿ, ಉಪವಾಸದ ಮೈಗೆ ಶ್ರಮ ಕೊಡಬಾರದು. ನಾಲ್ಕನೆಯ ದಿನ ದ್ವಾದಶಿ, ಬೇಗ ಊಟವಾಗಬೇಕು, ನಮಸ್ಕಾರಕ್ಕೆ ಹೊತ್ತೆಲ್ಲಿ? ಐದನೆಯ ದಿನ ನೆಗಡಿ. ಆರನೆಯ ದಿನ ನಾನು ಚಾಪೆ ಹಾಸಿ ಕಾದೆ. ಅವರು ಚಾಪೆಯ ಮೇಲೆ ಕೂತು ಚಹಾ ಕೇಳಿದರು.

ಆಗ ಅತ್ತೆಯವರು ಒಂದು ಉಪಾಯ ತೆಗೆದರು. ನಮ್ಮ ಮಂದಿಯಲ್ಲಿ ಜಪ, ಪಾರಾಯಣ, ಅಭಿಷೇಕ ಇಂಥವನ್ನೆಲ್ಲ ತನ್ನಿಂದ ಆಗದಿದ್ದರೆ ಆಚಾರ್ಯರ ಕೈಲಿ ಮಾಡಿಸುವ ರೂಢಿ ಇದೆ. ಯಜಮಾನ ತನ್ನ ಗೋತ್ರ, ನಕ್ಷತ್ರ, ಹೆಸರು ಹೇಳಿ ಸಂಕಲ್ಪ ಮಾಡಿ ಒಂದು ಉದ್ಧರಣೆ ನೀರು ಬಿಟ್ಟರೆ ಆಯಿತು, ಮುಂದಿನ ಕೆಲಸ ಆಚಾರ್ಯರದು, ಫಲ ಮಾತ್ರ ಯಜಮಾನನಿಗೆ. ಜಪಕ್ಕೆ ಇದು ನಡೆಯುತ್ತದೆ, ಯಾರ ಅಡ್ಡಿಯೂ ಇಲ್ಲ. ಅತ್ತೆಯವರು ಇದನ್ನು ಡಾಕ್ಟರು ಹೇಳಿದ ವ್ಯಾಯಾಮಕ್ಕೂ ಅನ್ವಯಿಸಿದರು. ಸೂರ್ಯನಮಸ್ಕಾರ ದೇವರ ಕೆಲಸವೇ ಅಲ್ಲವೇ ಅಂದರು. ನಮ್ಮ ಮಾವನವರ ಮೊಣಕಾಲುನೋವು ಹೀಗೆಯೇ ಆಚಾರ್ಯರಿಂದ ನಮಸ್ಕಾರ ಹಾಕಿಸಿ ಹೋಗಿತ್ತಂತೆ. ಅದೇ ವರ್ಷ ಮಾವನವರೂ ಹೋಗಿದ್ದರು, ಆ ಮಾತು ಅವರು ತೆಗೆಯಲಿಲ್ಲ.

ನಮ್ಮವರ ಮುಖ ಅರಳಿತು. ಬೆಳಗಾವಿ ಕಡೆಯಿಂದ ಬಂದು ಪುಣೆಯಲ್ಲಿ ಪೂಜೆ ಮಾಡಿಸುತ್ತಿದ್ದ ಒಬ್ಬ ಆಚಾರ್ಯರನ್ನು ಗೊತ್ತುಮಾಡಿದರು. ಮೂವತ್ತರ ಹತ್ತಿರದ ಮನುಷ್ಯ, ಕಡ್ಡಿಯಂತೆ ಸೊರಗಿದ್ದರು, ಗಾಳಿಗೆ ಹಿಡಿದರೆ ಹಾರಿಹೋಗುವ ಹಾಗೆ. ಮಾರ್ಗಶಿರದಿಂದ ಶುರುವಾಗಿ ರಥಸಪ್ತಮಿಗೆ ಮಂಗಳ ಅಂತ ನಿಶ್ಚಯವಾಯಿತು. ಪರೀಕ್ಷೆ ರಥಸಪ್ತಮಿಯ ಮೂರು ದಿನದ ಮೇಲೆ.

ದಿನಾ ಬೆಳಿಗ್ಗೆ ನಡೆದದ್ದನ್ನು ಕಣ್ಣಾರೆ ಕಂಡ ನಾನೇ ಹೇಳಬೇಕು. ನಮ್ಮವರು ಮಣೆಯ ಮೇಲೆ ಶಾಲು ಹೊದ್ದು ಕೂತುಕೊಳ್ಳುವರು. ಸಂಕಲ್ಪ ಮಾಡಿ ನೀರು ಬಿಡುವರು. ಆಚಾರ್ಯರು ಪಂಚೆ ಬಿಗಿದು ಕಟ್ಟಿ ನೆಲಕ್ಕೆ ಬಿದ್ದು ಏಳಲು ಶುರುಮಾಡುವರು. ಒಂದೊಂದು ನಮಸ್ಕಾರಕ್ಕೆ ಒಂದೊಂದು ಗೋಧಿಕಾಳನ್ನು ಈ ಬಟ್ಟಲಿನಿಂದ ಆ ಬಟ್ಟಲಿಗೆ ಹಾಕುವುದು ಯಜಮಾನರ ಪಾಲಿನ ವ್ಯಾಯಾಮ. ಎಪ್ಪತ್ತು ಎಂಬತ್ತಕ್ಕೆ ಬರುವಾಗ ಅದರಲ್ಲೂ ತೂಕಡಿಕೆ. ಅದು ಮುಗಿದ ಮೇಲೆ, ಏಕಾದಶಿಯೊಂದನ್ನು ಬಿಟ್ಟು, ಸೂರ್ಯನಾರಾಯಣನಿಗೆ ತುಪ್ಪ ಸುರಿದ ಗೋಧಿ ಹುಗ್ಗಿಯ ನೈವೇದ್ಯ. ಪ್ರಸಾದ ಬೇಡ ಅನ್ನಬಾರದು. ಆಚಾರ್ಯರಿಗೆ ಒಂದು ಬಟ್ಟಲು, ಯಜಮಾನರಿಗೆ ಫಲ ಪೂರ್ತಿ ಸಿಗಲಿ ಅಂತ ಎರಡು.

ಒಂದು ತಿಂಗಳಿಗೆ ಆಚಾರ್ಯರ ಎದೆ ಅಗಲವಾಯಿತು, ತೋಳು ತುಂಬಿಕೊಂಡವು, ಕಣ್ಣಿಗೆ ಕಳೆ ಬಂತು. ನಮ್ಮವರ ಕೋಟಿನ ಎರಡು ಗುಂಡಿ ಹಾಕಲಿಕ್ಕೆ ಬರದಂತಾಯಿತು. ಆದರೂ ತಮಗೆ ಮೈ ಹಗುರಾದಂತೆ ಅನಿಸುತ್ತದೆ ಅಂತ ದಿನಾ ಹೇಳುವರು. ಸುಳ್ಳು ಹೇಳುವ ಮನುಷ್ಯನಲ್ಲ, ಅವರಿಗೆ ನಿಜವಾಗಿಯೂ ಹಾಗೆ ಅನಿಸುತ್ತಿತ್ತು. ಕಚೇರಿಯಲ್ಲಿ, ನಮ್ಮ ಮನೆಯಲ್ಲಿ ದಿನಾ ನೂರೆಂಟು ನಮಸ್ಕಾರ ನಡೆದಿವೆ ಅಂದರು. ಅದೂ ಸುಳ್ಳಲ್ಲ. ಕೇಳಿದವರು ಬೆರಗಾದರು. ಹೇಳುತ್ತ ಹೇಳುತ್ತ ಇವರು ವಾಡೆಯ ವ್ಯಾಯಾಮಪಂಡಿತರೇ ಆಗಿಬಿಟ್ಟರು. ಸಂಜೆ ಕಟ್ಟೆಯ ಮೇಲೆ ಕೂತು, ಮುಖ್ಯವಾದದ್ದು ಒಂದು ದಿನವೂ ತಪ್ಪಿಸದಿರುವುದು, ಮನಸ್ಸು ಗಟ್ಟಿಯಿದ್ದರೆ ಮೈ ತಾನಾಗಿ ಬರುತ್ತದೆ, ಅಂತ ನಾಲ್ಕು ಜನರಿಗೆ ಉಪದೇಶ ಮಾಡುವರು. ಕೇಳುವವರಲ್ಲಿ ಕೆಲವರು ಬರೆದುಕೊಳ್ಳುತ್ತಿದ್ದರು. ನಾನು ಮಾಳಿಗೆಯ ಮೇಲೆ ನಿಂತು ಕೇಳಿಸಿಕೊಂಡು ಹಲ್ಲು ಕಡಿಯುತ್ತಿದ್ದೆ.

ಪರೀಕ್ಷೆಗೆ ಆರು ವಾರ ಉಳಿದಾಗ ನನ್ನ ತಾಳ್ಮೆ ಮುಗಿಯಿತು. ಡಾಕ್ಟರು ಬೆವರಬೇಕು ಅಂದದ್ದು ನಿಮಗೆ, ಆಚಾರ್ಯರಿಗಲ್ಲ ಅಂದೆ. ಅತ್ತೆಯವರು ಒಳಗಿನಿಂದಲೇ, ಫಲ ಸಂಕಲ್ಪ ಮಾಡಿದವರಿಗೆ ಬರುತ್ತದೆ, ನಿನಗೆ ಶಾಸ್ತ್ರ ಗೊತ್ತಿಲ್ಲ ಅಂದರು.

"ಹಂಗಾರ ನಿಮ್ಮ ಮಗಗ ಹೊಟ್ಟಿ ಕಟ್ಟಿದಾಗ ಹಳ್ಳೆಣ್ಣಿನೂ ಆಚಾರ್ಯರಿಗೇ ಕುಡಸೋಣಲ್ರಿ," ಅಂದೆ. "ಸಂಕಲ್ಪ ಇವರು ಮಾಡಲಿ."

ಆಚಾರ್ಯರು ಹುಗ್ಗಿಯ ಬಟ್ಟಲು ಕೆಳಗಿಟ್ಟು ಮುಖ ತಿರುಗಿಸಿಕೊಂಡರು, ಹೆಗಲು ಅಲುಗುತ್ತಿತ್ತು. ಅತ್ತೆಯವರು ಎರಡು ದಿನ ನನ್ನ ಕೂಡ ಮಾತಾಡಲಿಲ್ಲ. ನಮ್ಮವರು ಮಾತ್ರ ಶಾಂತವಾಗಿ ಎರಡನೆಯ ಬಟ್ಟಲು ಮುಗಿಸಿದರು.

ಆ ಎರಡು ದಿನದ ಮೌನದಲ್ಲಿ ನನಗೆ ಒಂದು ವಿಷಯ ತಿಳಿಯಿತು. ಈ ಮನುಷ್ಯ ವ್ಯಾಯಾಮ ಅಂದದ್ದನ್ನು ಒಂದು ವಾರ ಮಾಡಿದವರಲ್ಲ. ಆದರೆ ಮುಂಜಿಯಾದಾಗಿನಿಂದ ಒಂದು ಏಕಾದಶಿಯನ್ನೂ ತಪ್ಪಿಸಿಲ್ಲ, ಸಂಧ್ಯಾವಂದನೆ ಬಿಟ್ಟಿಲ್ಲ, ಮಡಿ ಕೆಡಿಸಿಲ್ಲ. ಆರೋಗ್ಯಕ್ಕೆ ಒಳ್ಳೆಯದು ಅಂದರೆ ಆಕಳಿಸುತ್ತಾರೆ, ಮಾಡದಿದ್ದರೆ ದೋಷ ಅಂದರೆ ನಡುಗುತ್ತಾರೆ. ನಾನು ಆಚಾರ್ಯರನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಎಲ್ಲ ಹೇಳಿದೆ. ಪರೀಕ್ಷೆ, ಕಚೇರಿ, ಧಾರವಾಡದ ಮನೆ, ನನ್ನ ಒಲೆ, ಯಾವುದನ್ನೂ ಮುಚ್ಚಿಡಲಿಲ್ಲ. ಏನು ಮಾಡಬೇಕು ಅನ್ನುವುದನ್ನೂ ಹೇಳಿದೆ.

"ಫಲ ಅವರಿಗೆ ಹೋಗ್ಲಿಕ್ಕತ್ತದೋ ಇಲ್ಲೋ ನನಗ ತಿಳೀದು, ವೈನಿ," ಅಂದರು. "ಹಸಿವಿ ಅಂತೂ ನನಗೇ ಆಗ್ಲಿಕ್ಕತ್ತದ. ನಾಳೆ ಹೇಳ್ತೀನಿ ಬಿಡ್ರಿ."

ಮರುದಿನ ಆಚಾರ್ಯರು ಸಂಕಲ್ಪದ ನಡುವೆ ತಡೆದು, ಅರ್ಘ್ಯದ ನೀರು ಎಲ್ಲಿಯದು ಅಂತ ಕೇಳಿದರು. ಹೌದದ್ದು ಅಂದೆ. ಅವರು ತಲೆಯಾಡಿಸಿದರು. ಹೌದದ ನೀರು ಬಿಸಿಲು ಕಾಣದ ನೀರು, ಸೂರ್ಯನಿಗೆ ಅದು ನಡೆಯದು, ಹರಿಯುವ ನದಿಯ ನೀರೇ ಬೇಕು. ಅದನ್ನು ಯಜಮಾನನೇ ಮಡಿಯಲ್ಲಿ ತರಬೇಕು, ಬೇರೆಯವರು ತಂದರೆ ಇಷ್ಟು ದಿನದ ನಮಸ್ಕಾರವೆಲ್ಲ ನೀರುಪಾಲು ಅಂದರು. ಅತ್ತೆಯವರು ಗಾಬರಿಯಾಗಿ, ಮೊದಲೇ ಯಾಕೆ ಹೇಳಲಿಲ್ಲ ಅಂತ ಆಚಾರ್ಯರ ಮೇಲೇ ಹರಿಹಾಯ್ದರು.

ನಮ್ಮ ವಾಡೆಯಿಂದ ಓಂಕಾರೇಶ್ವರ ಗುಡಿಯ ಹತ್ತಿರ ನದಿಗೆ ಇಳಿಯುವ ಘಾಟಿಗೆ ಹೋಗಿ ಬರುವುದು ಅಂದರೆ ಎರಡು ಮೈಲು ಚಿಲ್ಲರೆ. ಮಡಿಯಲ್ಲಿ ಅಂದರೆ ಬರಿಗಾಲು. ಟಾಂಗಾ ಹತ್ತುವ ಹಾಗಿಲ್ಲ, ಯಾರ ಮೈ ತಾಗಿದರೂ ಕೆಟ್ಟಿತು. ಹೋಟೆಲು ಕಣ್ಣಿಗೆ ಬಿದ್ದರೂ ಹೊಗುವ ಹಾಗಿಲ್ಲ. ಎರಡೂ ಕೈಯಲ್ಲಿ ತಾಮ್ರದ ಬಿಂದಿಗೆ, ನೆಲಕ್ಕೆ ಇಳಿಸುವ ಹಾಗಿಲ್ಲ. ಓಣಿಯಲ್ಲಿ ಜನ ಓಡಾಡುವುದಕ್ಕೆ ಮುಂಚೆ ತಿರುಗಿ ಬರಬೇಕು ಅಂದರೆ ಕಾಲು ಚುರುಕಾಗಿ ಹಾಕಲೇಬೇಕು. ಯಾವ ತಾಲೀಮಿನ ವಸ್ತಾದನೂ ತನ್ನ ಶಿಷ್ಯನನ್ನು ಇಷ್ಟು ಬಿಗಿಯಲ್ಲಿ ಇಟ್ಟಿರಲಾರ.

ಮೊದಲ ದಿನ ಬಂದಾಗ ಮುಖ ಕೆಂಡದ ಹಾಗಿತ್ತು, ಮೆಟ್ಟಿಲ ಮೇಲೆ ಮೂರು ಸಲ ನಿಂತರು. ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು. ನೋಡಿ ನನಗೆ ಕರುಳು ಚುರ್ ಅಂದದ್ದು ನಿಜ, ಸಂತೋಷವಾದದ್ದೂ ನಿಜ. ಎರಡನೆಯ ದಿನ ಒಂದು ನಾಯಿ ಪಂಚೆಗೆ ತಾಗಿತಂತೆ, ಘಾಟಿಗೆ ತಿರುಗಿ ಹೋಗಿ ಮತ್ತೆ ಮುಳುಗಿ ಬಂದರು. ಆ ನಾಯಿಗೆ ನಾನು ಮನಸ್ಸಿನಲ್ಲೇ ಒಂದು ರೊಟ್ಟಿ ಹರಕೆ ಹೊತ್ತೆ. ಹದಿನೈದು ದಿನಕ್ಕೆ ಮೆಟ್ಟಿಲ ಮೇಲೆ ನಿಲ್ಲುವುದು ತಪ್ಪಿತು, ತಿಂಗಳಿಗೆ ಕೋಟಿನ ಗುಂಡಿ ಕೂತಿತು. ಹುಗ್ಗಿಯಲ್ಲಿ ತುಪ್ಪ ಬೆಲ್ಲ ನಾನೂ ಕೈ ಬಿಗಿಹಿಡಿದು ಹಾಕುತ್ತಿದ್ದೆ. ಒಂದು ದಿನವೂ ಅವರು ನದಿಗೆ ಹೋಗುವುದನ್ನು ತಪ್ಪಿಸಲಿಲ್ಲ. ಇದು ವ್ಯಾಯಾಮ ಅಂತ ಅವರಿಗೆ ಯಾರೂ ಹೇಳಿರಲಿಲ್ಲವಲ್ಲ.

ಪರೀಕ್ಷೆಯ ದಿನ ನಾನು ಬೆಳಗಿನಿಂದ ನೀರು ಕೂಡ ಕುಡಿಯಲಿಲ್ಲ. ಇವರು ಮಧ್ಯಾಹ್ನದ ಮೇಲೆ ಬಂದರು, ಮುಖ ಜೋತುಬಿದ್ದಿತ್ತು. ಆಮೇಲೆ ಕೂತು ಎಲ್ಲ ಹೇಳಿದರು. ಕಚೇರಿಯ ಹಿರಿಯ ಕಾರಕೂನರು ಡಾಕ್ಟರ ಮುಂದೆ ಇವರ ನೂರೆಂಟು ನಮಸ್ಕಾರದ ಕೀರ್ತಿ ಮೊದಲೇ ಹಾಡಿದ್ದರಂತೆ. ಡಾಕ್ಟರು ಸ್ವತಃ ಸಾಮು ಮಾಡಿದ ಆಳು, ಖುಷಿಯಾಗಿ, ಹನ್ನೆರಡು ಹಾಕಿ ತೋರಿಸಿ ಅಂದರಂತೆ. ನಮ್ಮವರು ಅಂಗಿ ತೆಗೆದು ನಿಂತರು, ಕೈ ಜೋಡಿಸಿದರು, ಬಗ್ಗಿದರು. ಅಲ್ಲಿಗೆ ನಿಂತಿತು. ದೀಪಾವಳಿಯ ಮೇಲೆ ಒಂದು ದಿನ ಹಾಕಿದ ಇಪ್ಪತ್ತೈದು ಮರೆತೇಹೋಗಿತ್ತು, ಯಾವ ಕಾಲು ಮೊದಲು ಹಿಂದಕ್ಕೆ ಇಡಬೇಕು ಅನ್ನುವುದೇ ತಿಳಿಯಲಿಲ್ಲ. ಎರಡು ತಿಂಗಳು ಕಣ್ಣ ಮುಂದೆ ಸಾವಿರಾರು ನಮಸ್ಕಾರ ಬಿದ್ದಿದ್ದವು, ಇವರು ನೋಡಿದ್ದು ಗೋಧಿಕಾಳನ್ನು. ಡಾಕ್ಟರು ಬಾಯಿ ಬಿಟ್ಟುಕೊಂಡು ನೋಡಿದರಂತೆ. ದಿನಾ ಹಾಕುವುದು ನಿಜವೇ ಅಂತ ಕೇಳಿದರಂತೆ. ಇವರು ಸುಳ್ಳು ಹೇಳಲಿಲ್ಲ. ನಮಸ್ಕಾರ ಆಚಾರ್ಯರು ಹಾಕುತ್ತಾರೆ, ನಾನು ನೀರು ತರುತ್ತೇನೆ ಅಂದರು.

"ಆಮ್ಯಾಲೆ?" ಅಂದೆ.

"ಭಾಳ ಹೊತ್ತು ನಕ್ಕರು," ಅಂದರು ಇವರು. "ಎದಿ ನೋಡಿದ್ರು, ನಾಡಿ ನೋಡಿದ್ರು, ಮೆಟ್ಲಾ ಹತ್ತಿ ಇಳಿ ಅಂದ್ರು. ನೀರು ತರೋದು ಬಿಡಬ್ಯಾಡ ಅಂತ ಹೇಳಿ ಸಹಿ ಮಾಡಿದ್ರು."

ಕಾಯಂ. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಯಾಕೆ ಅಳುತ್ತೀ ಅಂತ ಇವರು ಕೇಳಿದರು, ಹೊಗೆ ಅಂದೆ. ಒಲೆ ಹೊತ್ತಿಸಿರಲಿಲ್ಲ, ಅದು ಅವರಿಗೆ ಕಾಣಲಿಲ್ಲ.

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಕಥೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಅತ್ತೆಯವರು ಮರುದಿನ ವಾಡೆಯವರನ್ನೆಲ್ಲ ಕರೆದು ಪೇಡೆ ಹಂಚಿದರು. ನೋಡಿದಿರಾ, ಒಂದು ಕಾಲು ಅಲುಗಿಸಲಿಲ್ಲ ನನ್ನ ಮಗ, ನಮಸ್ಕಾರದ ಫಲ ಹೇಗೆ ಬಂತು ಅಂತ ಎಲ್ಲರಿಗೂ ಹೇಳಿದರು. ವಾಡೆಯ ಮೂರು ಮನೆಯವರು ಅಲ್ಲೇ ಆಚಾರ್ಯರನ್ನು ಮುಂದಿನ ತಿಂಗಳಿಗೆ ಗೊತ್ತುಮಾಡಿದರು. ನಮ್ಮವರು ಹೊಟ್ಟೆಯ ಮೇಲೆ ಕೈಯಾಡಿಸುತ್ತ, ಇನ್ನು ವ್ರತ ಮುಗಿಯಿತಲ್ಲ, ನಾಳೆಯಿಂದ ನದಿಗೆ ಹೋಗುವ ಕಾರಣವಿಲ್ಲ ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ಈ ಫಲ ನಮಸ್ಕಾರದ್ದಲ್ಲ, ನೀರು ಹೊತ್ತು ನಡೆದದ್ದರದು, ಆ ನೀರಿನ ನೇಮ ಶಾಸ್ತ್ರವೂ ಅಲ್ಲ, ಇವರು ನಡೆಯಲಿ ಅಂತ ನಾನೇ ಹುಟ್ಟಿಸಿದ್ದು, ಆಚಾರ್ಯರಿಗೆ ನಾನೇ ಕೈಮುಗಿದು ಹೇಳಿಸಿದ್ದು ಅಂತ ಎಲ್ಲರ ಮುಂದೆ ಹೇಳಿಬಿಟ್ಟೆ.

ಆಚಾರ್ಯರು, ಹುಡುಕಿದರೆ ಯಾವುದಾದರೊಂದು ಗ್ರಂಥದಲ್ಲಿ ಸಿಕ್ಕೇ ಸಿಗುತ್ತದೆ ಅಂತ ಮೆಲ್ಲಗೆ ಅಂದರು, ಪಾಪ. ನಮ್ಮವರು ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಸೂರ್ಯನಾರಾಯಣನ ಹೆಸರಿನಲ್ಲಿ ಸುಳ್ಳು ಹೇಳಿದೆಯಲ್ಲ, ಈಗ ಏನು ಗತಿ ಅಂದರು. ಅವರ ನೌಕರಿ, ಅವರ ಎದೆ, ಅವರ ಕಾಲು ಉಳಿಸಿದ ಸುಳ್ಳು ಅನ್ನುವುದು ಅವರ ತಲೆಗೆ ಹೋಗಲೇ ಇಲ್ಲ.

ಅತ್ತೆಯವರು ಕೂಡಲೇ ಪ್ರಾಯಶ್ಚಿತ್ತ ವಿಧಿಸಿದರು. ಓಣಿಯ ಕೊನೆಯ ಅರಳಿಮರಕ್ಕೆ ನಾನು ನಲವತ್ತೆಂಟು ದಿನ, ದಿನಕ್ಕೆ ನೂರೆಂಟು ಪ್ರದಕ್ಷಿಣೆ ಹಾಕಬೇಕು. ನಾನು ತಲೆಬಗ್ಗಿಸಿ, ಸಂಕಲ್ಪ ನಾನು ಮಾಡುತ್ತೇನೆ, ಸುತ್ತುವುದನ್ನು ಆಚಾರ್ಯರ ಕೈಲಿ ಮಾಡಿಸಬಹುದೇ ಅಂತ ಕೇಳಿದೆ.

"ತನ್ನ ಪಾಪ ತಾನೇ ಸುತ್ತಬೇಕು," ಅಂದರು ಅತ್ತೆಯವರು. "ಅದಕ್ಕ ಇನ್ನೊಬ್ಬರು ನಡಿಯೂದಿಲ್ಲ."

ಮರುದಿನ ನಸುಕಿಗೆ ಎದ್ದು, ನೀರು ತುಂಬಿಟ್ಟು, ಬೀಸುವುದನ್ನು ಮುಗಿಸಿ ಹೊರಟೆ. ನಮ್ಮವರು ಹೊದ್ದುಕೊಂಡು ಮಲಗಿದ್ದರು, ನದಿಯ ನೆನಪು ಅವರಿಗೆ ಇರಲಿಲ್ಲ. ಸುತ್ತಿದೆ. ಮೂವತ್ತಕ್ಕೆ ಕಾಲು ನೋಯಿತು, ಅರವತ್ತಕ್ಕೆ ಅತ್ತೆಯವರ ಮೇಲೆ, ಗಂಡನ ಮೇಲೆ, ಸೂರ್ಯನ ಮೇಲೆ ಇದ್ದ ಸಿಟ್ಟೆಲ್ಲ ಉರಿದು ಮುಗಿಯಿತು. ತೊಂಬತ್ತರ ಹೊತ್ತಿಗೆ ಬಿಸಿಲು ಬಂತು. ಮನೆಗೆ ಹೋಗಿ ಏನು ಅಡಿಗೆ ಮಾಡಲಿ ಅಂತ ಯೋಚಿಸುತ್ತ ಉಳಿದ ಸುತ್ತು ಹಾಕಿದೆ. ಯಾರನ್ನೂ ಕೇಳಬೇಕಾಗಿರಲಿಲ್ಲ. ಆ ಅರಳಿಮರ ಪುಣೆಯಲ್ಲಿತ್ತು, ಧಾರವಾಡದಲ್ಲಲ್ಲ.